ಮುಪ್ಪಾದ ಗಡಿಯಾರ

ಕಳೆದ ಶ್ರಾವಣದ ಒಂದು ಸಂಜೆ ನಮ್ಮ ಪಕ್ಕದ ಮನೆಯ ಯಜಮಾನರು ನಮ್ಮ ಕಾಂಪೌಂಡಿನ ಗೋಡೆ ಹಾರಿದರು. ಅವರಿಗೆ ಅರವತ್ತೆಂಟು ವರ್ಷ, ಮಂಡಿನೋವು ಬೇರೆ. ಹಾಗೆ ಹಾರಿ ಬಂದು ಅವರು ನಮ್ಮ ಹಿತ್ತಿಲ ಬಾಗಿಲನ್ನು ದಬದಬ ಬಡಿಯುತ್ತಿದ್ದ ಹೊತ್ತಿನಲ್ಲಿ ನಾನು ಎರಡು ಬೀದಿ ಆಚೆ, ಗೆಳತಿಯ ಮೊಮ್ಮಗುವಿನ ತೊಟ್ಟಿಲು ಶಾಸ್ತ್ರದಲ್ಲಿ ಕುಳಿತು ಎರಡನೆಯ ಸಲ ಕೋಸಂಬರಿ ಬಡಿಸಿಕೊಳ್ಳುತ್ತಿದ್ದೆ. ತಾಂಬೂಲದ ಚೀಲ ಹಿಡಿದು ಮನೆಗೆ ಬಂದರೆ ಗೇಟಿನ ಮುಂದೆ ಏಳೆಂಟು ಜನ. ಹಾರೆ ತಂದು ಬಾಗಿಲು ಮೀಟುವ ಮಾತು ನಡೆದಿತ್ತು. ನನ್ನನ್ನು ಕಂಡು ಪಕ್ಕದ ಮನೆಯಾಕೆ, "ಅಯ್ಯೋ, ನೀವು ಇದ್ದೀರಾ!" ಎಂದು ಎದೆ ಹಿಡಿದುಕೊಂಡರು. ಇದ್ದೇನೆ ಎಂದು ಹೇಳುವುದಕ್ಕೂ ನನಗೆ ಸಂಕೋಚವಾಯಿತು.

ಆದದ್ದಿಷ್ಟು. ನನ್ನ ಮಗ ಕೆನಡಾದ ಟೊರಾಂಟೊದಲ್ಲಿದ್ದಾನೆ. ಆರು ವರ್ಷಗಳ ಹಿಂದೆ, 2019ರಲ್ಲಿ, ಅವನು ನನ್ನ ಕೈಗೊಂದು ಸ್ಮಾರ್ಟ್ ವಾಚು ಕಟ್ಟಿದ. ಆಮೇಲೊಮ್ಮೆ ರಜೆಗೆ ಬಂದಾಗ, ನನ್ನ ನಾಡಿಬಡಿತ, ನಾನು ನಡೆದ ಹೆಜ್ಜೆ ಎಲ್ಲವೂ ಅವನ ಫೋನಿನಲ್ಲಿ ಕಾಣುವಂತೆ ಹೊಂದಿಸಿಟ್ಟು ಹೋದ. ಆ ದಿನ ಮಧ್ಯಾಹ್ನ ಮೂರೂವರೆಗೇ ವಾಚಿನ ಬ್ಯಾಟರಿ ಮುಗಿದಿತ್ತು. ಫೋನನ್ನು ಮನೆಯಲ್ಲೇ ಚಾರ್ಜಿಗೆ ಹಾಕಿ ಹೋಗಿದ್ದೆ. ಅಲ್ಲಿ ಬೆಳಿಗ್ಗೆ ಎದ್ದು ಫೋನು ನೋಡಿದ ಮಗನಿಗೆ ಕಂಡದ್ದು, ಮೂರೂವರೆಗೆ ನಿಂತುಹೋದ ಅಮ್ಮನ ನಾಡಿ. ಫೋನು ಮಾಡಿದರೆ ಎತ್ತುವವರಿಲ್ಲ. ಉಳಿದದ್ದು ಪಕ್ಕದ ಮನೆಯವರ ಮಂಡಿಯ ಪಾಲಿಗೆ ಬಂತು.

ಆ ರಾತ್ರಿ ಮಗ ಮಾತಾಡಿದ ಧ್ವನಿಯನ್ನು ನಾನು ಮರೆಯಲಾರೆ. ಮೊದಲು ಸುಮ್ಮನಿದ್ದ. ಆಮೇಲೆ, "ಅಮ್ಮ, ಆ ವಾಚು ಹಳೇದಾಯ್ತು. ಹೊಸದು ಕಳಿಸ್ತೀನಿ. ಬೇಡ ಅನ್ನಬೇಡ" ಎಂದ. ಬೆಲೆ ಎಷ್ಟೆಂದು ಕೇಳಿದೆ. ಅವನು ಹೇಳಲಿಲ್ಲ, ಸೊಸೆ ಹಿಂದಿನಿಂದ ಹೇಳಿದಳು. ನಮ್ಮ ರೂಪಾಯಿ ಲೆಕ್ಕದಲ್ಲಿ ನಲವತ್ತು ಸಾವಿರದ ಹತ್ತಿರ. "ಯೋಚನೆ ಮಾಡಿ ಹೇಳ್ತೀನಿ ಕಣೋ" ಎಂದು ಫೋನು ಇಟ್ಟೆ.

ಪ್ರೌಢಶಾಲೆಯಲ್ಲಿ ಮೂವತ್ತೇಳು ವರ್ಷ ಚರಿತ್ರೆ ಪಾಠ ಹೇಳಿದವಳು ನಾನು. ಯೋಚನೆ ಮಾಡು ಎಂದರೆ ನನ್ನ ತಲೆ ಮುಂದಕ್ಕೆ ಹೋಗುವುದಿಲ್ಲ, ಹಿಂದಕ್ಕೇ ಹೋಗುತ್ತದೆ. ವಾಚು ಹಳೆಯದಾಗುವುದು ಎಂದರೇನು? ಅದನ್ನು ಹೇಳುವವರು ಯಾರು? ಇದೇ ಪ್ರಶ್ನೆ ಹಿಡಿದು ಕೆಲವು ದಿನ ಓದಿದೆ. ಓದಿದ್ದನ್ನು ನಿಮಗೂ ಹೇಳಬೇಕೆನಿಸಿದೆ.

ಮಣಿಕಟ್ಟಿಗೆ ಗಡಿಯಾರ ಬಂದ ಕತೆ ಹೆಂಗಸರಿಂದಲೇ ಶುರುವಾಗುತ್ತದೆ ಎಂದರೆ ನೀವು ನಂಬುವಿರಾ? 1810ರಲ್ಲಿ ನೆಪೋಲಿಯನ್ನನ ತಂಗಿ, ನೇಪಲ್ಸಿನ ರಾಣಿಯಾಗಿದ್ದ ಕ್ಯಾರೊಲಿನ್ ಮೂರಾ, ಪ್ಯಾರಿಸಿನ ಪ್ರಸಿದ್ಧ ಗಡಿಯಾರಗಾರ ಬ್ರೆಗೆಯ ಬಳಿ ಬಳೆಯಂತೆ ಕೈಗೆ ಕಟ್ಟಿಕೊಳ್ಳುವ ಗಡಿಯಾರವೊಂದನ್ನು ಮಾಡಿಕೊಡಲು ಹೇಳಿದಳು. 1812ರಲ್ಲಿ ಅದು ಸಿದ್ಧವಾಯಿತು. ಕೂದಲಿನ ಎಳೆಗಳ ಜೊತೆ ಚಿನ್ನದ ದಾರ ಹೆಣೆದ ಪಟ್ಟಿಯಂತೆ ಅದಕ್ಕೆ. ಆ ಗಡಿಯಾರ ಈಗ ಎಲ್ಲಿದೆಯೋ ತಿಳಿಯದು. ಅದರ ವಿವರ ಮಾತ್ರ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಉಳಿದಿದೆ. 1868ರಲ್ಲಿ ಸ್ವಿಟ್ಜರ್‌ಲೆಂಡಿನ ಪಾಟೆಕ್ ಫಿಲಿಪ್ ಕಂಪನಿಯವರು ಹಂಗೆರಿಯ ಒಬ್ಬ ಶ್ರೀಮಂತ ಮನೆತನದಾಕೆಗೆ ಕೈಗಡಿಯಾರ ಮಾಡಿಕೊಟ್ಟರು. ಆ ಕಾಲಕ್ಕೆ ಗಂಡಸರ ಗಡಿಯಾರ ಸರಪಳಿ ಹಾಕಿಕೊಂಡು ಜೇಬಿನಲ್ಲಿರುತ್ತಿತ್ತು. ಕೈಗೆ ಕಟ್ಟುವುದು ಹೆಂಗಸರ ಒಡವೆ ಎಂದು ಅವರು ಮೂಗು ಮುರಿಯುತ್ತಿದ್ದರು. 1914ರ ಮಹಾಯುದ್ಧ ಬಂದು ಕಂದಕಗಳಲ್ಲಿ ಕೂತಾಗ, ಒಂದು ಕೈಯಲ್ಲಿ ಬಂದೂಕು ಹಿಡಿದು ಇನ್ನೊಂದರಲ್ಲಿ ಜೇಬು ತಡಕುವುದು ಸಾಧ್ಯವಿಲ್ಲವೆಂದು ಅವರಿಗೆ ಹೊಳೆಯಿತು. ಯುದ್ಧ ಮುಗಿಸಿ ಊರಿಗೆ ಬಂದವರ ಕೈಯಲ್ಲಿ ಗಡಿಯಾರ ಹಾಗೆಯೇ ಉಳಿಯಿತು. ಸಾಸಿವೆ ಒಗ್ಗರಣೆ ಹಾಕುತ್ತಾ ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡವಳಿಗೆ, ಎರಡೂ ಕೈಗೆ ಕೆಲಸವಿರುವುದೆಂದರೇನೆಂದು ಯಾವ ಯುದ್ಧವೂ ಕಲಿಸಬೇಕಾಗಿರಲಿಲ್ಲ.

ಮಣಿಕಟ್ಟಿನಲ್ಲಿ ಗಡಿಯಾರಕ್ಕಿಂತ ಮೊದಲೇ ಇದ್ದದ್ದು ನಾಡಿ. ನಾನು ಸಣ್ಣವಳಿದ್ದಾಗ ನಮ್ಮೂರ ಪಂಡಿತರು ಮೂರು ಬೆರಳು ಇಟ್ಟು, ಕಣ್ಣು ಮುಚ್ಚಿ, ಮೌನವಾಗಿ ಕೂರುತ್ತಿದ್ದರು. ಯುರೋಪಿನ ವೈದ್ಯರೂ ಬಹುಕಾಲ ಹಾಗೆಯೇ ಬೆರಳನ್ನೇ ನಂಬಿದ್ದವರು. ಹದಿನೇಳನೆಯ ಶತಮಾನದ ಆರಂಭದಲ್ಲಿ ಇಟಲಿಯ ಸ್ಯಾಂಟೋರಿಯೊ ಎಂಬ ವೈದ್ಯ, ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟು, ಅದರ ತೂಗಾಟ ರೋಗಿಯ ನಾಡಿಗೆ ಸರಿಹೊಂದುವ ತನಕ ದಾರವನ್ನು ಉದ್ದ ಗಿಡ್ಡ ಮಾಡಿ ನಾಡಿಯನ್ನು ಅಳೆದ. 1707ರಲ್ಲಿ ಇಂಗ್ಲೆಂಡಿನ ಜಾನ್ ಫ್ಲಾಯರ್ ಎಂಬ ವೈದ್ಯ ನಾಡಿ ಎಣಿಸುವುದಕ್ಕೆಂದೇ ಒಂದು ನಿಮಿಷ ಓಡುವ ಗಡಿಯಾರ ಮಾಡಿಸಿ, ಅದರ ಬಗ್ಗೆ ಪುಸ್ತಕವನ್ನೂ ಬರೆದ. ನಿಮಿಷಕ್ಕೆ ಎಷ್ಟು ಬಡಿತ ಎಂಬ ಲೆಕ್ಕ ಹೀಗೆ ಶುರುವಾಯಿತು. ಮುಂದೆ ಆಸ್ಪತ್ರೆಯ ನರ್ಸಮ್ಮಂದಿರು ಎದೆಗೆ ತಲೆಕೆಳಗಾಗಿ ಸಿಕ್ಕಿಸಿಕೊಂಡ ಪುಟ್ಟ ಗಡಿಯಾರವೂ ಇದೇ ಕೆಲಸಕ್ಕೆ ಬಂದದ್ದು. ಒಂದು ಕೈ ರೋಗಿಯ ನಾಡಿಯ ಮೇಲೆ, ಕಣ್ಣು ಸೆಕೆಂಡಿನ ಮುಳ್ಳಿನ ಮೇಲೆ. ಗಡಿಯಾರವೂ ನಾಡಿಯೂ ಆಗಲೇ ಅಕ್ಕಪಕ್ಕ ಬಂದಿದ್ದವು. ಅವೆರಡರ ನಡುವೆ ಒಬ್ಬ ಮನುಷ್ಯಳು ಕೂತಿರುತ್ತಿದ್ದಳು ಎಂಬುದಷ್ಟೇ ವ್ಯತ್ಯಾಸ.

ಇನ್ನು ನಮ್ಮ ಸೀಮೆಯ ಕತೆ. ಬೆಂಗಳೂರಿನಲ್ಲಿ 1953ರಲ್ಲಿ ಯಂತ್ರೋಪಕರಣ ಮಾಡಲೆಂದು ಹುಟ್ಟಿದ ಎಚ್.ಎಂ.ಟಿ., 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ಮಾಡತೊಡಗಿತು. ಮೊದಲ ಗಡಿಯಾರಗಳನ್ನು ಪ್ರಧಾನಿ ನೆಹರೂ ಅವರೇ ಬಿಡುಗಡೆ ಮಾಡಿದರು. ನಾನು ಹುಟ್ಟಿದ್ದೂ 1961ರಲ್ಲೇ. 'ಜನತಾ', 'ಪೈಲಟ್', 'ಸೋನಾ', 'ಕೊಹಿನೂರ್', ಹೆಂಗಸರಿಗೆ 'ಸುಜಾತಾ'. ನಮ್ಮ ವಯಸ್ಸಿನವರಿಗೆ ಇವು ನೆಂಟರಿಷ್ಟರ ಹೆಸರಿದ್ದ ಹಾಗೆ. ಅಳಿಯನಿಗೆ ಎಚ್.ಎಂ.ಟಿ. ವಾಚು ಕೊಡದೆ ಮದುವೆ ಮುಗಿಯುತ್ತಿರಲಿಲ್ಲ. 1978ರಲ್ಲಿ ನಮ್ಮ ತುಮಕೂರಿಗೂ ಗಡಿಯಾರದ ಕಾರ್ಖಾನೆ ಬಂತು.

ನಮ್ಮ ಚಿಕ್ಕಮ್ಮ ಆ ಕಾರ್ಖಾನೆಯಲ್ಲಿ ಜೋಡಣೆಯ ಕೆಲಸ ಮಾಡುತ್ತಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಎಳ್ಳಿಗಿಂತ ಸಣ್ಣ ತಿರುಪು ಹಿಡಿದು ಕೂರಿಸುವ ಕೆಲಸ. ಉಸಿರು ಜೋರಾಗಿ ಬಿಟ್ಟರೂ ಹಾರಿಹೋಗುತ್ತದೆ ಎನ್ನುತ್ತಿದ್ದರು. ಸಂಜೆ ಮನೆಗೆ ಬಂದರೆ ಒಂದು ಕಣ್ಣಿನ ಸುತ್ತ ದುಂಡಗೆ ಗೆರೆ ಬಿದ್ದಿರುತ್ತಿತ್ತು. ನಾವು ಮಕ್ಕಳೆಲ್ಲ ಅದನ್ನು ನೋಡಿ ನಗುತ್ತಿದ್ದೆವು. ನಮ್ಮ ಮನೆತನದಲ್ಲಿ ತನ್ನ ಹೆಸರಿಗೆ ಸಂಬಳ ಎಣಿಸಿಕೊಂಡ ಮೊದಲ ಹೆಂಗಸು ಆಕೆಯೇ ಎಂಬುದು ನನಗೆ ತಿಳಿದದ್ದು ನಾನೂ ಎಣಿಸಿಕೊಂಡ ಮೇಲೆ. 1984ರಲ್ಲಿ ನನಗೆ ಮೇಷ್ಟರ ಕೆಲಸ ಸಿಕ್ಕಿದಾಗ ಅವರು ಒಂದು ಸುಜಾತಾ ವಾಚು ತಂದು ನನ್ನ ಕೈಗೆ ಕಟ್ಟಿದರು. "ದಿನಾ ಒಂದೇ ಹೊತ್ತಿಗೆ ಕೀಲಿ ಕೊಡು. ಬಿಗಿ ಅನ್ನಿಸಿದ ತಕ್ಷಣ ನಿಲ್ಲಿಸಬೇಕು, ಬಲವಂತ ಮಾಡಬಾರದು" ಎಂದರು. ಸಂಸಾರಕ್ಕೂ ಒದಗುವ ಮಾತು.

ಆ ಗಡಿಯಾರ ನಲವತ್ತೊಂದು ವರ್ಷದಲ್ಲಿ ನಾಲ್ಕು ಸಲ ರಿಪೇರಿಗೆ ಹೋಗಿದೆ. ಗಾಜು ಎರಡು ಸಲ ಬದಲಾಗಿದೆ, ಪಟ್ಟಿ ಎಷ್ಟು ಸಲವೋ ಲೆಕ್ಕವಿಲ್ಲ. ಈಗಲೂ ಓಡುತ್ತದೆ. ದಿನಕ್ಕೆ ಮೂರು ನಿಮಿಷ ಹಿಂದೆ ಬೀಳುತ್ತದೆ. ಅದು ಅದರ ಸ್ವಭಾವ.

ಕೀಲಿ ಗಡಿಯಾರದ ಕಾಲ ಮುಗಿಸಿದ್ದು ಒಂದು ಹರಳು. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ 'ಆಸ್ಟ್ರಾನ್' ಎಂಬ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಅದರ ಬೆಲೆ 4,50,000 ಯೆನ್, ಒಂದು ಸಣ್ಣ ಕಾರಿನ ಬೆಲೆ. ಬೆಲೆ ಬೇಗನೆ ಇಳಿಯಿತು. ಇಂದಿನ ಕ್ವಾರ್ಟ್ಜ್ ಗಡಿಯಾರಗಳಲ್ಲಿ ಪುಟ್ಟ ಹರಳೊಂದು ಬ್ಯಾಟರಿಯ ವಿದ್ಯುತ್ತಿನಿಂದ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಒಂದು ಬರುತ್ತದೆ. ಅದೇ ಒಂದು ಸೆಕೆಂಡು. ಎಷ್ಟು ಸರಳ ನೋಡಿ. ಗಡಿಯ ಆಚೆಯ ಹೊಸೂರಿನಲ್ಲಿ ಟೈಟನ್ ಕಾರ್ಖಾನೆ ಎಂಬತ್ತರ ದಶಕದಲ್ಲಿ ಚೆಂದದ ಕ್ವಾರ್ಟ್ಜ್ ಗಡಿಯಾರಗಳನ್ನು ಮಾಡತೊಡಗಿತು. ಎಚ್.ಎಂ.ಟಿ.ಯೂ ಕ್ವಾರ್ಟ್ಜ್ ಮಾಡಿತು, ಆದರೆ ಜನರ ಮನಸ್ಸು ಅಷ್ಟರಲ್ಲಿ ಹೊರಳಿತ್ತು. ಕೀಲಿ ಕೊಡುವ ತಾಪತ್ರಯ ಯಾರಿಗೆ ಬೇಕು? 2016ರ ಜನವರಿಯಲ್ಲಿ ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಕಾರ್ಖಾನೆಯ ಜಾಗ ಆಮೇಲೆ ಇಸ್ರೋ ಕೈಗೆ ಹೋಯಿತು. ಪತ್ರಿಕೆಯಲ್ಲಿ ಸುದ್ದಿ ಬಂದ ದಿನ ಚಿಕ್ಕಮ್ಮ ಓದಿ ಮಡಚಿಟ್ಟು, "ನಾವು ಮಾಡಿದ್ದು ಕೆಟ್ಟು ಹೋಗಲಿಲ್ಲವಲ್ಲ, ಅದಕ್ಕೇ ನಮ್ಮ ಫ್ಯಾಕ್ಟರಿ ಕೆಟ್ಟಿತು" ಎಂದರು. ಅರ್ಥಶಾಸ್ತ್ರದವರು ಒಪ್ಪಲಿಕ್ಕಿಲ್ಲ. ನನಗೆ ಆ ಮಾತು ಮನಸ್ಸಿನಲ್ಲಿ ನಿಂತಿದೆ.

ಇನ್ನು ನನ್ನ ಕೈಯ ಸ್ಮಾರ್ಟ್ ವಾಚಿನ ವಂಶಾವಳಿ. ಹೆಜ್ಜೆ ಎಣಿಸುವ ಬುದ್ಧಿ ಅದಕ್ಕೆ ಜಪಾನಿನಿಂದ ಬಂದದ್ದು. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಅಲ್ಲಿ 'ಮಾನ್ಪೋಕೇ' ಎಂಬ ಹೆಜ್ಜೆ ಎಣಿಸುವ ಸಾಧನ ಮಾರಾಟಕ್ಕೆ ಬಂತು. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಆ ಹೆಸರಿನ ಅರ್ಥ. ನಾವೆಲ್ಲ ವೇದವಾಕ್ಯವೆಂದು ನಂಬಿರುವ ಹತ್ತು ಸಾವಿರದ ಲೆಕ್ಕ ಹುಟ್ಟಿದ್ದು ಹೀಗೆ, ವ್ಯಾಪಾರದ ಹೆಸರಾಗಿ. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವರ್ಷದ ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ 4,400 ಹೆಜ್ಜೆ ನಡೆದವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು. ಸುಮಾರು 7,500 ಹೆಜ್ಜೆ ದಾಟಿದ ಮೇಲೆ ಇನ್ನಷ್ಟು ನಡೆದರೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದ ದಿನ ನಾನು ರಾತ್ರಿ ಹತ್ತು ಗಂಟೆಗೆ ಲೆಕ್ಕ ತುಂಬಿಸಲು ಪಡಸಾಲೆಯಲ್ಲಿ ಸುತ್ತು ಹಾಕುವುದನ್ನು ಬಿಟ್ಟೆ.

ನಾಡಿ ನೋಡುವ ವಿದ್ಯೆ ಫಿನ್‌ಲೆಂಡಿನಿಂದ ಬಂತು. 1982ರಲ್ಲಿ ಅಲ್ಲಿನ ಪೋಲಾರ್ ಕಂಪನಿ, ಎದೆಗೆ ಕಟ್ಟಿದ ಪಟ್ಟಿಯಿಂದ ಕೈಯ ಗಡಿಯಾರಕ್ಕೆ ತಂತಿಯಿಲ್ಲದೆ ಹೃದಯದ ಬಡಿತ ಕಳಿಸುವ ಸಾಧನವನ್ನು ಕ್ರೀಡಾಳುಗಳಿಗಾಗಿ ತಂದಿತು. ಈಗ ಎದೆಪಟ್ಟಿ ಬೇಕಿಲ್ಲ. ವಾಚನ್ನು ಬಿಚ್ಚಿ ಹಿಂದೆ ತಿರುಗಿಸಿ ನೋಡಿ, ಹಸಿರು ಬೆಳಕು ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಹೃದಯ ಬಡಿದಾಗಲೆಲ್ಲ ಚರ್ಮದ ಕೆಳಗೆ ರಕ್ತ ಹೆಚ್ಚಾಗಿ, ಮರಳಿ ಬರುವ ಬೆಳಕು ಕೊಂಚ ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸಿದರೆ ನಾಡಿ. ನಮ್ಮ ಪಂಡಿತರ ಮೂರು ಬೆರಳಿನ ಜಾಗದಲ್ಲಿ ಈಗ ಬೆಳಕು ಕೂತಿದೆ.

ಇಷ್ಟೆಲ್ಲ ವಿದ್ಯೆಯಿರುವ ಗಡಿಯಾರಕ್ಕೆ ಆಯುಸ್ಸು ಮಾತ್ರ ಗಿಡ್ಡ. ಅದಕ್ಕೆ ಮುಪ್ಪು ಎರಡು ದಾರಿಯಿಂದ ಬರುತ್ತದೆ. ಒಂದು ಬ್ಯಾಟರಿಯದು. ಒಳಗಿರುವ ಲಿಥಿಯಂ ಬ್ಯಾಟರಿ ಪ್ರತಿ ಸಲ ಚಾರ್ಜು ಆದಾಗಲೂ ತನ್ನ ಶಕ್ತಿಯಲ್ಲಿ ಕೂದಲೆಳೆಯಷ್ಟು ಕಳೆದುಕೊಳ್ಳುತ್ತದೆ. ಬಿಸಿ ತಾಗಿದರೆ ಇನ್ನಷ್ಟು. ದಿನಕ್ಕೊಂದು ಸಲವೆಂದರೂ ಆರು ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸಲ ಚಾರ್ಜು ಮಾಡಿದ್ದೇನೆ. ಸುಸ್ತಾಗದೆ ಏನು ಮಾಡೀತು? ಎರಡನೆಯದು ಕಣ್ಣಿಗೆ ಕಾಣದ ಮುಪ್ಪು. ಗಡಿಯಾರ ಗಟ್ಟಿಯಾಗಿಯೇ ಇರುತ್ತದೆ, ಆದರೆ ಅದನ್ನು ನಡೆಸುವ ತಂತ್ರಾಂಶದ ಹೊಸ ಆವೃತ್ತಿ ಅದಕ್ಕೆ ಬರುವುದಿಲ್ಲ. ಫೋನು ಮುಂದೆ ಹೋಗುತ್ತದೆ, ಗಡಿಯಾರ ಹಿಂದೆ ಉಳಿಯುತ್ತದೆ. ಒಂದು ದಿನ ಎರಡಕ್ಕೂ ಮಾತು ನಿಂತುಹೋಗುತ್ತದೆ.

ಇದಕ್ಕೆ ದೊಡ್ಡವರೂ ಹೊರತಲ್ಲ. 2015ರಲ್ಲಿ ಆಪಲ್ ಕಂಪನಿ ತನ್ನ ಮೊದಲ ಗಡಿಯಾರವನ್ನು ತಂದಾಗ, ಹದಿನೆಂಟು ಕ್ಯಾರಟ್ ಚಿನ್ನದ್ದೂ ಒಂದಿತ್ತು. ಅದರ ಬೆಲೆ ಹತ್ತು ಸಾವಿರ ಡಾಲರಿನಿಂದ ಮೇಲೆ. 2018ರಲ್ಲಿ ಬಂದ ಹೊಸ ತಂತ್ರಾಂಶ ಆ ಮೊದಲ ತಲೆಮಾರಿನ ಗಡಿಯಾರಗಳಿಗೆ ಸಿಗಲಿಲ್ಲ, ಚಿನ್ನದ್ದಕ್ಕೂ ಸಿಗಲಿಲ್ಲ. ಮೂರೇ ವರ್ಷ! ನಮ್ಮಜ್ಜಿಯ ಚಿನ್ನದ ಅಡ್ಡಿಕೆ ಮೂರು ತಲೆಮಾರು ದಾಟಿತ್ತು. 'ಪೆಬಲ್' ಎಂಬ ಇನ್ನೊಂದು ಸ್ಮಾರ್ಟ್ ವಾಚಿಗೆ 2012ರಲ್ಲಿ ಜನರೇ ಮುಂಗಡ ಹಣ ಕೊಟ್ಟು ಒಂದು ಕೋಟಿ ಡಾಲರಿಗೂ ಹೆಚ್ಚು ಕೂಡಿಸಿದ್ದರು. 2016ರಲ್ಲಿ ಆ ಕಂಪನಿ ಮುಚ್ಚಿತು. 2018ರ ಜೂನಿನಲ್ಲಿ ಅದರ ಗಣಕಸೇವೆಯೂ ನಿಂತಿತು. ಕಂಪನಿ ಮುಚ್ಚಿದರೆ ಗಡಿಯಾರ ಅರ್ಧ ಮೂಕವಾಗುವ ಕಾಲವಿದು. ಎಚ್.ಎಂ.ಟಿ. ಮುಚ್ಚಿದ ಸುದ್ದಿ ನನ್ನ ಸುಜಾತಾಳಿಗೆ ಇನ್ನೂ ಮುಟ್ಟಿಯೇ ಇಲ್ಲ.

ಇಷ್ಟು ಓದಿದ ಮೇಲೆ ಸ್ಮಾರ್ಟ್ ವಾಚನ್ನು ನಮ್ಮ ಪೇಟೆಯ ರಿಪೇರಿ ಸಾಹೇಬರ ಬಳಿ ಒಯ್ದೆ. ನನ್ನ ಸುಜಾತಾಳ ಗಾಜು ಬದಲಿಸಿದವರು ಅವರೇ. ಮಗ್ಗುಲು ತಿರುಗಿಸಿ ನೋಡಿ ನಕ್ಕರು. "ಅಮ್ಮಾ, ಇದಕ್ಕೆ ಬಿಚ್ಚೋ ತಿರುಪೇ ಇಲ್ಲ. ಅಂಟು ಹಾಕಿ ಮುಚ್ಚಿರ್ತಾರೆ. ಬಿಸಿ ಮಾಡಿ ಬಿಚ್ಚಿ ಬ್ಯಾಟರಿ ಹಾಕೋ ಹುಡುಗರು ಬೆಂಗಳೂರಲ್ಲಿದ್ದಾರೆ. ಹಾಕಿದ ಮೇಲೆ ನೀರು ಒಳಗೆ ಹೋಗಲ್ಲ ಅಂತ ಅವರೂ ಗ್ಯಾರಂಟಿ ಕೊಡಲ್ಲ" ಎಂದರು. ಕೊನೆಗೆ, "ಇದು ಗಡಿಯಾರ ಅಲ್ಲಮ್ಮಾ, ಕೈಗೆ ಕಟ್ಟಿಕೊಂಡ ಫೋನು" ಎಂದು ವಾಪಸು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಆದರೆ ನನ್ನ ತೀರ್ಮಾನ ಬ್ಯಾಟರಿಯ ಮೇಲೆ ನಿಂತಿರಲಿಲ್ಲ ಎಂಬುದನ್ನು ನಿಮ್ಮಲ್ಲಿ ಹೇಳಿಬಿಡಬೇಕು. 2018ರ ಡಿಸೆಂಬರಿನಲ್ಲಿ ನಮ್ಮ ಯಜಮಾನರು ನಿದ್ದೆಯಲ್ಲೇ ತೀರಿಕೊಂಡರು. ಪಕ್ಕದಲ್ಲೇ ಮಲಗಿದ್ದ ನನಗೆ ಗೊತ್ತಾಗಲಿಲ್ಲ. ಮಗ ಬಂದು ತಲುಪುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಮರುವರ್ಷ ಅವನು ನನಗೆ ಈ ವಾಚು ಕಟ್ಟಿದ್ದು ಯಾಕೆಂದು ನನಗೆ ತಿಳಿಯದೇ? "ಅಪ್ಪನ ಕೈಯಲ್ಲಿ ಇದಿದ್ದಿದ್ರೆ" ಎಂದು ಒಮ್ಮೆ ಬಾಯಿಬಿಟ್ಟು ಅಂದೂ ಇದ್ದ. ಆ ಮಾತಿಗೆ ಆಗ ನಾನು ಉತ್ತರ ಕೊಡಲಿಲ್ಲ. ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ರಾತ್ರಿಗಳಲ್ಲಿ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ.

ಈ ಸಲ ನಮ್ಮ ಡಾಕ್ಟರನ್ನೇ ಕೇಳಿದೆ. ಅವರು ಸಮಾಧಾನವಾಗಿ ಹೇಳಿದರು: "ವಾಚು ನಾಡಿ ಎಷ್ಟಿದೆ ಅಂತ ಹೇಳುತ್ತೆ. ಬಡಿತದ ತಾಳ ತಪ್ಪಿದ್ರೆ ಕೆಲವು ವಾಚು ಎಚ್ಚರಿಕೆ ಕೊಡುತ್ತವೆ, ಅದು ಉಪಯೋಗವೇ. ಕೆಳಗೆ ಬಿದ್ದರೆ ಮನೆಯವರಿಗೆ ತಿಳಿಸೋದೂ ಒಳ್ಳೆಯದೇ. ಆದರೆ ಹೃದಯಾಘಾತ ಆಗ್ತಿದೆ ಅಂತ ಯಾವ ವಾಚೂ ಹೇಳಲ್ಲ. ಎದೆ ಬಿಗಿದರೆ, ಏದುಸಿರು ಬಂದರೆ, ದವಡೆ ಬೆನ್ನು ನೋವು ಬಂದು ಕಾರಣವಿಲ್ಲದೆ ಸುಸ್ತಾದರೆ, ವಾಚು ನೋಡ್ತಾ ಕೂರಬೇಡಿ. ಹೆಂಗಸರಲ್ಲಿ ಎಷ್ಟೋ ಸಲ ಹೀಗೇ ಬರುತ್ತೆ. ತಕ್ಷಣ ಆಸ್ಪತ್ರೆಗೆ ಬನ್ನಿ." ಸ್ವಲ್ಪ ತಡೆದು, "ಯಜಮಾನರ ವಿಷಯದಲ್ಲಿ ನಿಮ್ಮ ತಪ್ಪೂ ಇಲ್ಲ, ಮಗನ ತಪ್ಪೂ ಇಲ್ಲ" ಎಂದರು. ಏಳು ವರ್ಷದಿಂದ ಯಾರಾದರೂ ಹೇಳಲಿ ಎಂದು ಕಾದಿದ್ದ ಮಾತು. ಆಟೋದಲ್ಲಿ ಬರುವಾಗ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಇನ್ನೊಂದು ವಿಷಯವನ್ನೂ ಅಂದೇ ಗಮನಿಸಿದೆ. ಈ ವಾಚು ಬರುವ ಮೊದಲು ಮಗ ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದ. ನನ್ನ ನಾಡಿ ಅವನ ಫೋನಿನಲ್ಲಿ ಕಾಣತೊಡಗಿದ ಮೇಲೆ ಅದು ವಾರಕ್ಕೊಮ್ಮೆಯಾಗಿ, ಈಚೆಗೆ ತಿಂಗಳಿಗೆರಡಾಗಿತ್ತು. ಅವನನ್ನು ದೂರುತ್ತಿಲ್ಲ. ಅಮ್ಮನ ನಾಡಿ ಎಪ್ಪತ್ತೆರಡು ಎಂದು ಕಾಣುತ್ತಿರುವಾಗ, ಹೇಗಿದ್ದೀಯಮ್ಮ ಎಂದು ಕೇಳುವುದು ಯಾರಿಗಾದರೂ ಮರೆಯುತ್ತದೆ. ಎಪ್ಪತ್ತೆರಡು ಬಡಿತದ ಎದೆಯಲ್ಲಿ ಏನಿದೆಯೆಂದು ಹಸಿರು ಬೆಳಕಿಗೆ ಕಾಣುವುದಿಲ್ಲವಲ್ಲ.

ಮುಂದಿನ ಭಾನುವಾರ ನಾನೇ ಫೋನು ಮಾಡಿದೆ. ಡಾಕ್ಟರು ಹೇಳಿದ್ದನ್ನೆಲ್ಲ, ಅಪ್ಪನ ವಿಷಯವನ್ನೂ ಸೇರಿಸಿ, ಹೇಳಿದೆ. ಬಹಳ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ. ಆಮೇಲೆ ನನ್ನ ತೀರ್ಮಾನ ಹೇಳಿದೆ. "ನೋಡಪ್ಪ, ಹೊಸ ವಾಚು ಈಗ ಬೇಡ. ಹಳೆಯದನ್ನು ಬೆಳಿಗ್ಗೆ ವಾಕಿಂಗಿಗೆ ಮಾತ್ರ ಕಟ್ಟಿಕೊಳ್ತೀನಿ, ಅಷ್ಟಕ್ಕೆ ಅದರ ಬ್ಯಾಟರಿ ಸಾಕು. ಸ್ನಾನಕ್ಕೆ ಹೋಗುವಾಗ ಹೇಗೂ ಬಿಚ್ಚಿಡ್ತೀನಿ. ವಯಸ್ಸಾದವರು ಜಾರಿ ಬೀಳೋದು ಬಚ್ಚಲಲ್ಲೇ. ಅಲ್ಲಿಗೆ ಕೈಹಿಡಿ ಹಾಕಿಸು, ಜಾರದ ಕಲ್ಲು ಹಾಕಿಸು. ನಲವತ್ತು ಸಾವಿರದಲ್ಲಿ ಅರ್ಧ ಮಿಗುತ್ತೆ. ಪಕ್ಕದ ಮನೆಗೆ ಒಂದು ಬೀಗದಕೈ ಕೊಟ್ಟಿರ್ತೀನಿ, ಇನ್ನು ಅವರು ಗೋಡೆ ಹಾರೋದು ಬೇಡ. ಆಮೇಲೆ ನೀನು ಬುಧವಾರ, ಭಾನುವಾರ ಫೋನು ಮಾಡು. ನಾನು ಎತ್ತದಿದ್ದರೆ ಆಗ ಗಾಬರಿಯಾಗು."

"ಬಿದ್ದುಬಿಟ್ರೆ ಯಾರಿಗಮ್ಮ ಗೊತ್ತಾಗೋದು?" ಎಂದ. ಅದು ಅಲ್ಲಗಳೆಯುವ ಮಾತಲ್ಲ. ಒಂಟಿಯಾಗಿರುವವರಿಗೆ, ತಲೆಸುತ್ತು ಬರುವವರಿಗೆ, ಡಾಕ್ಟರು ಹೇಳಿದವರಿಗೆ ಹೊಸ ವಾಚು ಬೇಕೇ ಬೇಕು. ನನಗೂ ಅಂಥ ದಿನ ಬಂದರೆ ನಾನೇ ಕೇಳುತ್ತೇನೆಂದು ಮಾತು ಕೊಟ್ಟೆ. "ಆಗ ತಂತ್ರಾಂಶ ಎಷ್ಟು ವರ್ಷ ಬರುತ್ತೆ, ಬ್ಯಾಟರಿ ಬದಲಿಸಿಕೊಡ್ತಾರಾ ಅಂತ ಎರಡು ಮಾತು ಕೇಳಿ ಆಮೇಲೆ ದುಡ್ಡು ಕೊಡು" ಎಂದೂ ಸೇರಿಸಿದೆ. ಮೇಷ್ಟರ ಬುದ್ಧಿ. ಅವನು ನಕ್ಕ. ಆ ನಗು ಕೇಳಿ ಬಹಳ ದಿನವಾಗಿತ್ತು.

ಬಚ್ಚಲಿಗೆ ಕೈಹಿಡಿ ಬಂದಿದೆ. ಅದನ್ನು ಹಾಕಿದ ಹುಡುಗ ಎರಡೂ ಕೈಯಿಂದ ಜೋತುಬಿದ್ದು ಗಟ್ಟಿಯಿದೆ ಎಂದು ತೋರಿಸಿ ಹೋದ. ಬುಧವಾರದ ಫೋನು ಒಂದೆರಡು ಸಲ ಗುರುವಾರಕ್ಕೆ ಬಿದ್ದದ್ದುಂಟು. ನಾನು ಲೆಕ್ಕ ಇಟ್ಟಿಲ್ಲ. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಸುಜಾತಾಳಿಗೆ ಕೀಲಿ ಕೊಡುತ್ತೇನೆ. ಬಿಗಿ ಅನ್ನಿಸಿದ ತಕ್ಷಣ ನಿಲ್ಲಿಸುತ್ತೇನೆ. ಅದು ಹಿಂದೆ ಬಿದ್ದಿರುವ ಮೂರು ನಿಮಿಷವನ್ನು ಸ್ಮಾರ್ಟ್ ವಾಚು ನೋಡಿ ಸರಿ ಮಾಡಿಕೊಳ್ಳುತ್ತೇನೆ. ಸದ್ಯಕ್ಕೆ ಎರಡು ಮುದಿ ಗಡಿಯಾರಗಳಿಗೂ ಮನೆಯಲ್ಲಿ ಕೆಲಸವಿದೆ.